ದವಡೆಯಲ್ಲಿ ಬೇರೂರುವ ಲೋಹ

ಹಲ್ಲು ಬಿದ್ದ ಜಾಗದಲ್ಲಿ ಆಗುವ ನಷ್ಟ ಹಲ್ಲಿನದು ಮಾತ್ರವಲ್ಲ. ನಾವು ಅಗಿಯುವಾಗ ಹಲ್ಲಿನ ಬೇರಿನ ಮೂಲಕ ದವಡೆಯ ಮೂಳೆಗೆ ಬಲ ತಲಪುತ್ತಿರುತ್ತದೆ. ಈ ಬಲ ನಿಂತರೆ ಆ ಭಾಗದ ಮೂಳೆ ಕ್ರಮೇಣ ಸವೆಯುತ್ತದೆ. ಒಸಡಿನ ಮೇಲೆ ಕೂರುವ ಹಲ್ಲುಸೆಟ್ಟಾಗಲೀ, ಪಕ್ಕದ ಹಲ್ಲುಗಳನ್ನು ತೇಯ್ದು ಕೂರಿಸುವ ಬ್ರಿಡ್ಜ್ ಆಗಲೀ ಇದನ್ನು ತಡೆಯಲಾರವು. ಬೇರಿಗೇ ಬದಲಿ ಬೇಕು. ದಂತ ಇಂಪ್ಲಾಂಟ್ ಅಂತಹ ಕೃತಕ ಬೇರು. ಸುಮಾರು 4 ಮಿಲಿಮೀಟರ್ ವ್ಯಾಸ, 10 ಮಿಲಿಮೀಟರ್ ಉದ್ದದ ಟೈಟಾನಿಯಂ ತಿರುಪನ್ನು ಮೂಳೆಯೊಳಗೆ ಕೂರಿಸಿ, ಅದರ ಮೇಲೆ ಪಿಂಗಾಣಿ ಅಥವಾ ಜಿರ್ಕೋನಿಯಾದ ಹಲ್ಲನ್ನು ಜೋಡಿಸುತ್ತಾರೆ.

ಟೈಟಾನಿಯಮ್ಮೇ ಏಕೆ? 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ರಕ್ತದ ಹರಿವನ್ನು ನೋಡಲು ಟೈಟಾನಿಯಂ ಕೋಶವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಹೊರತೆಗೆಯಲು ಹೋದರೆ ಬರಲಿಲ್ಲ. ಮೂಳೆ ಲೋಹಕ್ಕೆ ಅಂಟಿ ಬೆಳೆದಿತ್ತು. 1965ರಲ್ಲಿ ಅವರು ಗೋಥೆನ್‌ಬರ್ಗ್‌ನಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು.

ಗಾಳಿ ತಾಗಿದೊಡನೆ ಟೈಟಾನಿಯಂನ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಮೂಡುತ್ತದೆ. ಇದು ಲೋಹವನ್ನು ಸವೆತದಿಂದ ಕಾಯುತ್ತದೆ. ಮೂಳೆಯ ಕೋಶಗಳು ಇದರ ಮೇಲೆ ನೆಲೆಯೂರಬಲ್ಲವು. ಇನ್ನು ಯಂಗ್ ಗುಣಾಂಕವನ್ನು ನೋಡಿ: ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂಗೆ 110, ಗಟ್ಟಿ ಮೂಳೆಗೆ 15ರಿಂದ 20. ಮೂಳೆಗಿಂತ ಬಿಗಿಯಾಗಿದ್ದರೂ, ಟೈಟಾನಿಯಂ ಉಕ್ಕಿಗಿಂತ ಹೆಚ್ಚು ಬಾಗಿ, ಬಲದಲ್ಲಿ ಮೂಳೆಗೂ ಪಾಲು ಕೊಡುತ್ತದೆ.

ಆದರೆ ಈ ಬೆಸುಗೆಗೆ ಒಂದು ಷರತ್ತಿದೆ. ಕಾಂಕ್ರೀಟು ಗಟ್ಟಿಯಾಗುವ ಮುನ್ನ ಗೇಟಿನ ಕಂಬವನ್ನು ಅಲುಗಿಸಿದರೆ ಏನಾಗುತ್ತದೆ? ಇಲ್ಲಿಯೂ ಹಾಗೆಯೇ. ಮೊದಲ ವಾರಗಳಲ್ಲಿ ತಿರುಪು ಸುಮಾರು 150 ಮೈಕ್ರೋಮೀಟರಿಗಿಂತ ಹೆಚ್ಚು ಅಲುಗುತ್ತಿದ್ದರೆ, ಸುತ್ತ ಮೂಳೆಯ ಬದಲು ಮೆತ್ತನೆಯ ನಾರಿನ ಊತಕ ಬೆಳೆದು ಹಿಡಿತ ತಪ್ಪುತ್ತದೆ. ಆದ್ದರಿಂದಲೇ ಹಲವು ರೋಗಿಗಳಲ್ಲಿ 3ರಿಂದ 6 ತಿಂಗಳು ಕಾದು ಹಲ್ಲನ್ನು ಕೂರಿಸುತ್ತಾರೆ. ಮೂಳೆಯ ಹಿಡಿತ ಆರಂಭದಲ್ಲೇ ಬಿಗಿಯಾಗಿದ್ದರೆ ಮಾತ್ರ ಬೇಗ ಕೂರಿಸುವುದು ಸಾಧ್ಯ.

ಬೆಸೆದುಕೊಂಡ ಮೇಲೂ ಒಂದು ಕೊರತೆ ಉಳಿಯುತ್ತದೆ. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ತಂತುಗಳ ಪದರವಿದೆ. ಅದು ಆಘಾತವನ್ನು ಹೀರುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ತಕ್ಷಣ ತಿಳಿಸುವ ನರಗಳೂ ಅಲ್ಲಿವೆ. ಇಂಪ್ಲಾಂಟಿಗೆ ಈ ಪದರವಿಲ್ಲ. ಹೀಗಾಗಿ ಕೃತಕ ಹಲ್ಲಿನ ಮೇಲೆ ಅತಿಯಾದ ಒತ್ತಡ ಬೀಳದಂತೆ ವೈದ್ಯರು ಅದರ ಎತ್ತರವನ್ನು ಹೊಂದಿಸುತ್ತಾರೆ.

ಧೂಮಪಾನ, ಹತೋಟಿಯಲ್ಲಿಲ್ಲದ ಮಧುಮೇಹ ಹಾಗೂ ಒಸಡಿನ ಸೋಂಕು ಈ ಬೆಸುಗೆಯ ಶತ್ರುಗಳು. ಲೋಹಕ್ಕೆ ಹುಳುಕು ಹಿಡಿಯದು, ಆದರೆ ಅದನ್ನು ಹಿಡಿದಿರುವುದು ಜೀವಂತ ಮೂಳೆ. ಇಂಪ್ಲಾಂಟ್ ಹಾಕಿಸಿಕೊಂಡವರೂ ದಿನಕ್ಕೆರಡು ಬಾರಿ ಹಲ್ಲುಜ್ಜಬೇಕು, ಒಸಡನ್ನು ಆಗಾಗ ತಪಾಸಣೆ ಮಾಡಿಸಬೇಕು.