ಅಂಗಡಿ ಮುಂದಿನ ಚರಂಡಿ ಎಲ್ಲಿಗೆ ಹೋಗುತ್ತದೆ?

ರಾತ್ರಿ ಹನ್ನೊಂದು ಗಂಟೆ. ದರ್ಶಿನಿಯ ಶಟರ್ ಅರ್ಧ ಇಳಿದಿದೆ. ಹುಡುಗನೊಬ್ಬ ಸೋಪಿನ ಪುಡಿ ಚೆಲ್ಲಿ, ಕಡ್ಡಿಪೊರಕೆಯಲ್ಲಿ ನೆಲ ಉಜ್ಜಿ, ಜಿಡ್ಡು, ಅನ್ನದಗುಳು, ಕರಿಬೇವಿನ ಎಲೆ ಎಲ್ಲವನ್ನೂ ಬಕೆಟ್ ನೀರು ಸುರಿದು ಮುಂದಿನ ಕಲ್ಲುಚಪ್ಪಡಿಯ ಸಂದಿಗೆ ತಳ್ಳುತ್ತಾನೆ. ಗುಳುಗುಳು ಸದ್ದು ಮಾಡುತ್ತ ನೀರು ಇಳಿದುಹೋಗುತ್ತದೆ. ಬೆಂಗಳೂರಿನ ಯಾವ ಬಡಾವಣೆಯಲ್ಲೂ ಕಾಣುವ ನೋಟ ಇದು. ಹುಡುಗನನ್ನು ಬೈದು ಫಲವಿಲ್ಲ. ಚರಂಡಿಗೆ ಬಿದ್ದದ್ದು ಹೇಗೂ ಶುದ್ಧೀಕರಣ ಘಟಕ ಸೇರುತ್ತದೆ ಎಂದೇ ಅವನ ಮಾಲೀಕರೂ ನಂಬಿದ್ದಾರೆ.

ಸೇರುವುದಿಲ್ಲ. ನಗರದಲ್ಲಿ ಎರಡು ಜಾಲಗಳಿವೆ. ಬಚ್ಚಲು, ಶೌಚಾಲಯದ ನೀರಿಗೆ ಜಲಮಂಡಳಿಯ ಒಳಚರಂಡಿ. ಅದರ ಕೊನೆಯಲ್ಲಿ ಶುದ್ಧೀಕರಣ ಘಟಕ ಇರಬೇಕು. ರಸ್ತೆ ಬದಿಯ ಚರಂಡಿ ಇರುವುದು ಮಳೆನೀರಿಗೆ ಮಾತ್ರ. ಅದು ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ಕೆಲವು ಕೆರೆಗಳ ಅಂಚಿನಲ್ಲಿ ಕೊಳಚೆಯನ್ನು ಬೇರೆಡೆಗೆ ತಿರುಗಿಸುವ ಕಾಲುವೆಗಳಿವೆ, ಆದರೆ ಜೋರು ಮಳೆಗೆ ಅವೂ ತುಂಬಿ ಹರಿಯುತ್ತವೆ. ಕೋರಮಂಗಲ ಕಣಿವೆಯ ಚರಂಡಿಗೆ ಬಿದ್ದ ಜಿಡ್ಡು ಬೆಳ್ಳಂದೂರು ಕೆರೆ, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹರಿಯುತ್ತದೆ. ಪಶ್ಚಿಮದ ಕಡೆ ಬಿದ್ದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ.

"ಕೆರೆ ಕೆಡಿಸೋದು ಕಾರ್ಖಾನೆಗಳು, ನಮ್ಮದೆಷ್ಟು?" ಎನ್ನುವ ಮಾತೂ ಉಂಟು. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ್ದನ್ನು ನೆನಪಿಸಿಕೊಳ್ಳಿ. ಆ ನೊರೆಯ ಹಿಂದೆ ದೊಡ್ಡದಾಗಿ ಇದ್ದದ್ದು ಊರಿನ ಕೊಳಚೆ, ಅದರೊಳಗಿನ ಸೋಪು, ಡಿಟರ್ಜೆಂಟು. ಸಾವಿರಾರು ಕಡೆಯಿಂದ ಬಂದ ಒಂದೊಂದೇ ಬಕೆಟ್ಟು.

ಹೋಟೆಲಿನವರಲ್ಲಿ ತುಂಬಾ ಗಟ್ಟಿಯಾಗಿ ಬೇರೂರಿದ ನಂಬಿಕೆ ಇನ್ನೊಂದು: ಬಿಸಿನೀರು ಹಾಕಿದರೆ ಎಣ್ಣೆ ಕರಗಿಹೋಗುತ್ತದೆ. ಕರಗುವುದು ನಿಜ, ಹೋಗುವುದು ಸುಳ್ಳು. ಹತ್ತಾರು ಅಡಿ ಮುಂದೆ ನೀರು ತಣ್ಣಗಾಗುತ್ತಿದ್ದಂತೆ ಜಿಡ್ಡು ಮತ್ತೆ ಗಟ್ಟಿಯಾಗಿ ಗೋಡೆಗೆ ಅಂಟುತ್ತದೆ. ಅದಕ್ಕೆ ಮಣ್ಣು, ಪ್ಲಾಸ್ಟಿಕ್ ಹತ್ತಿಕೊಂಡು ಚರಂಡಿ ಕಟ್ಟಿಕೊಳ್ಳುತ್ತದೆ. ಮುಂದಿನ ಮಳೆಯಲ್ಲಿ ನೀರು ನುಗ್ಗುವುದು ಅದೇ ಅಂಗಡಿಗೆ. ಇದಕ್ಕೆ ಉಪಾಯ ಗ್ರೀಸ್ ಟ್ರ್ಯಾಪ್ ಎಂಬ ಸರಳ ತೊಟ್ಟಿ. ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗಿನಿಂದ ಒಳಚರಂಡಿಗೆ ಹೋಗುತ್ತದೆ. ಮೇಲಿನ ಕೆನೆಯನ್ನು ಆಗಾಗ ತೆಗೆಯದಿದ್ದರೆ ಮಾತ್ರ ಅದು ಇದ್ದೂ ಇಲ್ಲದಂತೆ. ಪಾತ್ರೆಗಳನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಕರಿದು ಮಿಕ್ಕ ಎಣ್ಣೆಯನ್ನಂತೂ ಚೆಲ್ಲಲೇಬೇಡಿ. ಅದರಿಂದ ಬಯೋಡೀಸೆಲ್ ಮಾಡುವವರಿದ್ದಾರೆ, ಸಂಗ್ರಹಿಸಲು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಯೋಜನೆ ತಂದಿದೆ.

ಗ್ಯಾರೇಜುಗಳಲ್ಲಿ ನೆಲಕ್ಕೆ ಬಿದ್ದ ಆಯಿಲ್‌ಗೆ ಪೈಪಿನಿಂದ ನೀರು ಬಿಡುತ್ತಾರೆ. ಮರದ ಹೊಟ್ಟು ಹಾಕಿ ಹೀರಿಸಿ, ಗುಡಿಸಿ ಡಬ್ಬಕ್ಕೆ ತುಂಬಬೇಕಾದ್ದು. ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವವರಿಗೇ ಕೊಡಬೇಕು.

ಜೈವಿಕವಾಗಿ ಕೊಳೆಯುವ ಸೋಪು ನಿರಪಾಯಕಾರಿ ಎನ್ನುವುದೂ ಪೂರ್ತಿ ಸರಿಯಲ್ಲ. ಕೊಳೆಯುವಾಗ ಅದು ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ, ಮೀನಿಗೆ ಉಸಿರು ಉಳಿಯುವುದಿಲ್ಲ.

ಮಳೆ ಎಲ್ಲವನ್ನೂ ತೊಳೆಯುತ್ತದೆ ಎಂದು ಕಾಯುವವರಿಗೆ ಒಂದು ಮಾತು. ಬೇಸಿಗೆಯಿಡೀ ಅಂಗಳದಲ್ಲಿ ಸೇರಿದ ಎಣ್ಣೆ, ಸಿಮೆಂಟು, ಕೊಳೆಯೆಲ್ಲ ಮೊದಲ ಮಳೆಯಲ್ಲಿ ಒಂದೇ ಸಲ ಕೆರೆಗೆ ಬೀಳುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಒಣಪೊರಕೆಯಲ್ಲಿ ಗುಡಿಸಿ. ಇವತ್ತು ಅಂಗಡಿ ಮುಚ್ಚುವಾಗ ನಿಮ್ಮ ಸಿಂಕಿನ ಪೈಪ್ ಒಳಚರಂಡಿಗೆ ಹೋಗಿದೆಯೋ, ರಸ್ತೆ ಬದಿಯ ಚರಂಡಿಗೆ ಹೋಗಿದೆಯೋ ಬಗ್ಗಿ ನೋಡಿ. ಚರಂಡಿಗೆ ಹೋಗಿದ್ದರೆ ನಾಳೆಯೇ ಪ್ಲಂಬರನ್ನು ಕರೆಸಿ.