ಹೌಜ್ ಖಾಸ್: ಪ್ರತಿರೋಧದ ಸಂಗೀತ ಮತ್ತು ನೆಲೆಯ ಪ್ರಶ್ನೆ

1970ರ ದಶಕದಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ರೂಪುಗೊಂಡ ಪಂಕ್ ಸಂಗೀತವು ನೈಪುಣ್ಯಕ್ಕಿಂತ ಸ್ವಾವಲಂಬನೆಗೆ ಪ್ರಾಧಾನ್ಯವಿತ್ತಿತು. ಬ್ರಿಟನ್ನಿನ ಕಾರ್ಮಿಕ ವರ್ಗದ ಯುವಜನರಲ್ಲಿ ಬೀದಿಯ ಪಂಕ್ ಎಂಬ ಕವಲು ಬೆಳೆಯಿತು. 1979ರ ಸುಮಾರಿಗೆ ಕವೆಂಟ್ರಿಯ ತಂಡಗಳು ಪಂಕಿಗೆ ಜಮೈಕಾದ ಸ್ಕಾ ಲಯವನ್ನು ಬೆಸೆದವು. 2009ರಲ್ಲಿ ದೆಹಲಿಯಲ್ಲಿ ಆರಂಭವಾದ ಸ್ಕಾ ವೆಂಜರ್ಸ್ ತಂಡವು ಈ ಪರಂಪರೆಗೆ ಸಮೀಪವಾದುದು. ಅದರ ಗಾಯಕ ತರು ದಾಲ್ಮಿಯಾ ಅವರು ಪಂಜಾಬಿನ ದಲಿತ ಗಾಯಕ ಬಂತ್ ಸಿಂಗ್ ಅವರೊಡನೆಯೂ ಹಾಡಿದ್ದಾರೆ.

ಇಂತಹ ಸ್ವತಂತ್ರ ತಂಡಗಳ ಅಳಿವು ಉಳಿವುಗಳು ಶ್ರೋತೃಗಳಷ್ಟೇ ನೆಲೆಯನ್ನೂ ಅವಲಂಬಿಸಿವೆ. ಫಿರೋಜ್ ಷಾ ತುಘಲಕನ ಮದರಸದ ಮಗ್ಗುಲಿನ ಹೌಜ್ ಖಾಸ್ ಗ್ರಾಮವು ಲಾಲ್ ಡೋರಾದ, ಎಂದರೆ ನಮ್ಮ ಗ್ರಾಮಠಾಣವನ್ನು ಹೋಲುವ ಎಲ್ಲೆಯ, ಒಳಗಿದ್ದುದರಿಂದ ಅಲ್ಲಿ ಕಟ್ಟಡ ನಿಯಮಗಳು ಸಡಿಲವಾಗಿದ್ದವು. ಅಲ್ಲಿನ ಕೆಫೆಗಳು ತಂಡಗಳಿಗೆ ವೇದಿಕೆಯಾದವು. ಆದರೆ ಆ ಜನಪ್ರಿಯತೆಯೇ ಬಾಡಿಗೆಯನ್ನು ಏರಿಸಿತು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದಿದ್ದ ಮಾಲಿನ್ಯದ ಪ್ರಕರಣದಿಂದಾಗಿ ಅನೇಕ ಉಪಾಹಾರಗೃಹಗಳು ಕೆಲಕಾಲ ಮುಚ್ಚಿದವು. ವ್ಯಾಪಾರವನ್ನು ಆಶ್ರಯಿಸಿದ ವೇದಿಕೆಯು ವ್ಯಾಪಾರದೊಡನೆಯೇ ಮೌನವಾಗುತ್ತದೆ.

ಇಲ್ಲಿ ಕರ್ನಾಟಕದೊಡನೆ ಹೋಲಿಕೆಯು ಉಪಯುಕ್ತ. 1975ರಲ್ಲಿ ಹುಟ್ಟಿದ ಸಮುದಾಯ ಸಂಘಟನೆಯ ಬೀದಿನಾಟಕಗಳಿಗೂ ದಲಿತ ಚಳವಳಿಯಲ್ಲಿ ಹಾಡಲಾದ ಸಿದ್ಧಲಿಂಗಯ್ಯನವರ ಗೀತೆಗಳಿಗೂ ಬಾಡಿಗೆಯ ಸೂರು ಬೇಕಿರಲಿಲ್ಲ; ಊರಿನ ವೃತ್ತ, ತಮಟೆ, ಕೊರಳು ಸಾಕಾಗಿದ್ದವು. ದಾಲ್ಮಿಯಾ ಮತ್ತು ಸಂಗಡಿಗರು ಮುಂದೆ ಜನರ ದೇಣಿಗೆಯಿಂದ ಬಿಎಫ್‌ಆರ್ ಎಂಬ ಸ್ವಂತ ಧ್ವನಿವರ್ಧಕ ವ್ಯವಸ್ಥೆಯನ್ನು ಕಟ್ಟಿಕೊಂಡುದು ಇದೇ ಅರಿವಿನ ಇನ್ನೊಂದು ರೂಪ: ವೇದಿಕೆಯನ್ನು ಜನರಿರುವೆಡೆಗೆ ಒಯ್ಯುವುದು. ನಗರದ ಪ್ರತಿರೋಧ ಸಂಗೀತವನ್ನು ಅಧ್ಯಯನ ಮಾಡುವವರು ಹಾಡಿನ ಸಾಹಿತ್ಯದೊಡನೆ ಅದು ನಿಂತ ನೆಲದ ಒಡೆತನವನ್ನೂ ಪರಿಶೀಲಿಸಬೇಕಾಗುತ್ತದೆ.