ಎಣ್ಣೆ ಹೊಡೆಯೋ ಪಂಪು ಚಾಲೂ ಆಗ್ತಿಲ್ಲವೇ? ಟು-ಸ್ಟ್ರೋಕ್ ಇಂಜಿನ್‌ನ ಪೆಟ್ರೋಲ್ ದಾರಿ ಸ್ವಚ್ಛ ಮಾಡುವ ಕ್ರಮ



ಮುದನಾಳ, ಶಹಾಪುರ, ಸುರಪುರ ಕಡೆ ತೊಗರಿ ಹೂವಿಗೆ ಬಂದು ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ಮೂಲೆಯಲ್ಲಿದ್ದ ಪೆಟ್ರೋಲ್ ಸ್ಪ್ರೇ ಪಂಪು ಹೊರಗೆ ಬರುತ್ತದೆ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದ ಪಂಪಿನ ಹಗ್ಗ ಎಷ್ಟು ಎಳೆದರೂ ಚಾಲೂ ಆಗಂಗಿಲ್ಲ. ಆಳು ಬಂದು ನಿಂತಿರುತ್ತಾನೆ, ಬ್ಯಾರಲ್‌ಗೆ ನೀರು ತುಂಬಿರುತ್ತದೆ, ಔಷಧ ತಂದು ಇಟ್ಟಿರುತ್ತೀರಿ. ಆದರೆ ಕಾಯಿಕೊರಕದ ಹುಳು ನಮ್ಮ ರಿಪೇರಿಗೆ ಕಾಯೋದಿಲ್ಲ. ಮರಿ ಇದ್ದಾಗ ಹೊಡೆದರೆ ಸಾಯುವ ಹುಳು, ಬಲಿತು ಕಾಯಿಯೊಳಗೆ ಸೇರಿದ ಮೇಲೆ ಅದೇ ಔಷಧಕ್ಕೆ ಸುಲಭವಾಗಿ ಬಗ್ಗೋದಿಲ್ಲ. ನಾಲ್ಕು ದಿನ ತಡವಾದರೂ ಫಸಲಿಗೆ ಪೆಟ್ಟು.

ಇಂಥ ಪಂಪುಗಳಲ್ಲಿ ಬಹಳಷ್ಟು ಸಲ ತೊಂದರೆ ಇರೋದು ಪೆಟ್ರೋಲ್ ಹೋಗುವ ದಾರಿಯಲ್ಲೇ. ಅದನ್ನು ಮನೆಯಲ್ಲೇ ಒಂದು ಗಂಟೆಯಲ್ಲಿ ಸ್ವಚ್ಛ ಮಾಡಿಕೊಳ್ಳಬಹುದು.

ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ

ಬೈಕು, ಟ್ರ್ಯಾಕ್ಟರ್ ಇಂಜಿನ್‌ಗಳ ಕೆಳಗೆ ಆಯಿಲ್ ಬೇರೆಯಾಗಿ ನಿಂತಿರುತ್ತದೆ. ಟು-ಸ್ಟ್ರೋಕ್ ಇಂಜಿನ್‌ಗೆ ಆ ವ್ಯವಸ್ಥೆ ಇಲ್ಲ. ಪೆಟ್ರೋಲ್‌ನಲ್ಲಿ ಕಲಸಿದ 2ಟಿ ಆಯಿಲ್ಲೇ ಪಿಸ್ಟನ್, ಬೇರಿಂಗ್‌ಗಳಿಗೆ ಜಾರಿಕೆ ಕೊಡಬೇಕು. ಹಾಗಾಗಿ ಕಾರ್ಬೋರೇಟರ್‌ನಲ್ಲಿ ಕಸ ಕಟ್ಟಿ ಪೆಟ್ರೋಲ್ ಅರ್ಧ ಬಂದರೆ ಎಣ್ಣೆಯೂ ಅರ್ಧವೇ ಬಂತು ಅಂತ ಅರ್ಥ. ಇಂಜಿನ್ ಸ್ವಲ್ಪ ಹೊತ್ತು ಜೋರಾಗಿ ಓಡುತ್ತದೆ, ಕಾಯುತ್ತದೆ, ಆಮೇಲೆ ಪಿಸ್ಟನ್ ಗೀರಿ ಜಾಮ್ ಆಗುತ್ತದೆ. ಸಣ್ಣ ಕಸ ತೆಗೆಯದೆ ಬಿಟ್ಟಿದ್ದಕ್ಕೆ ಸಿಲಿಂಡರ್, ಪಿಸ್ಟನ್ ಎರಡನ್ನೂ ಬದಲಿಸುವ ಖರ್ಚು ಬೀಳುತ್ತದೆ.

ಕರಾವಳಿಯ ದೋಣಿಗಳ ಹಿಂದೆ ಕಟ್ಟುವ, ಕೃಷ್ಣಾ-ಭೀಮಾ ಪ್ರವಾಹದಲ್ಲಿ ರಕ್ಷಣಾ ತಂಡದವರು ರಬ್ಬರ್ ದೋಣಿಗೆ ಹಾಕಿಕೊಂಡು ಬರುವ ಟು-ಸ್ಟ್ರೋಕ್ ಇಂಜಿನ್‌ಗಳಿಗೂ ಇದೇ ಸೂತ್ರ. ಆದರೆ ಒಂದು ವ್ಯತ್ಯಾಸ ಗಮನಿಸಿ: ದೋಣಿಯ ಇಂಜಿನ್ ನೀರಿನಿಂದ ತಣ್ಣಗಾಗುತ್ತದೆ, ಅದಕ್ಕೆ ಟಿಸಿ-ಡಬ್ಲ್ಯೂ3 ಎಂಬ ಬೇರೆ ಆಯಿಲ್ ಇದೆ. ನಮ್ಮ ಪಂಪು ಗಾಳಿಯಿಂದ ತಣ್ಣಗಾಗುವಂಥದ್ದು, ಹೆಚ್ಚು ಕಾಯುತ್ತದೆ. ಇದಕ್ಕೆ ಡಬ್ಬದ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದು ಬರೆದ 2ಟಿ ಆಯಿಲ್ ತನ್ನಿ. ಬೈಕಿನ 4ಟಿ ಆಯಿಲ್, ಟ್ರ್ಯಾಕ್ಟರ್‌ನಿಂದ ತೆಗೆದ ಹಳೇ ಆಯಿಲ್ ಹಾಕಲೇಬೇಡಿ.

ನಿಂತ ಪೆಟ್ರೋಲ್ ಯಾಕೆ ಕೆಡುತ್ತದೆ?

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ. ದೇಶದಲ್ಲಿ 2022ರಲ್ಲಿ ಶೇ 10ರಷ್ಟಿದ್ದ ಮಿಶ್ರಣ 2025ಕ್ಕೆ ಶೇ 20ಕ್ಕೆ ಮುಟ್ಟಿದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಮತ್ತು 2ಟಿ ಆಯಿಲ್ ಮೇಲೆ ಉಳಿಯುತ್ತವೆ. ಇಂಜಿನ್‌ಗೆ ಹೋಗುವ ಕೊಳವೆ ಇರೋದು ತಳದಲ್ಲಿ. ಅಂದರೆ ಎಣ್ಣೆಯ ಅಂಶವೇ ಇಲ್ಲದ ನೀರು ಮೊದಲು ಒಳಗೆ ಹೋಗುತ್ತದೆ. ಇದಲ್ಲದೆ ಹಳೇ ಪಂಪುಗಳ ರಬ್ಬರ್ ಪೈಪು, ವಾಷರ್‌ಗಳು ಎಥೆನಾಲ್‌ನಿಂದ ಉಬ್ಬುತ್ತವೆ, ಆಮೇಲೆ ಬಿರುಕು ಬಿಡುತ್ತವೆ. ಪೆಟ್ರೋಲ್ ಆರಿಹೋದ ಮೇಲೆ ಉಳಿಯುವ ಅಂಟು ಜೆಟ್‌ನ ಸಣ್ಣ ತೂತನ್ನು ಮುಚ್ಚುತ್ತದೆ.

ಮೊದಲು ಸುರಕ್ಷತೆ

- ಪಂಪಿಗೆ ಹತ್ತಿದ ಔಷಧವನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಕೈಗವಸು ಹಾಕಿಕೊಂಡು ಕೆಲಸ ಶುರು ಮಾಡಿ.
- ಬಯಲಲ್ಲಿ, ನೆರಳಲ್ಲಿ ಕೂತು ಮಾಡಿ. ಹತ್ತಿರ ಒಲೆ, ಬೀಡಿ ಬೇಡ. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಪ್ಲಗ್ಗಿನ ವೈರ್ ಕಿತ್ತಿಡಿ.
- ಪೈಪಿನಿಂದ ಪೆಟ್ರೋಲನ್ನು ಬಾಯಲ್ಲಿ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಅಪಾಯ.
- ಔಷಧದ ಖಾಲಿ ಬಾಟಲಿಗೆ, ಕುಡಿಯುವ ನೀರಿನ ಬಾಟಲಿಗೆ ಪೆಟ್ರೋಲ್ ತುಂಬಿಡಬೇಡಿ.

ಸ್ವಚ್ಛ ಮಾಡುವ ಕ್ರಮ

1. ಟ್ಯಾಂಕು: ಹಳೇ ಪೆಟ್ರೋಲನ್ನು ಪೂರ್ತಿ ಒಂದು ಪಾರದರ್ಶಕ ಡಬ್ಬಕ್ಕೆ ಇಳಿಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ, ಮಬ್ಬಾಗಿದ್ದರೆ, ಹುಳಿ ವಾಸನೆ ಬಂದರೆ ಅದನ್ನು ಮತ್ತೆ ಬಳಸಬೇಡಿ. ಕಾಲುವೆಗೆ, ಬದುವಿಗೆ ಸುರಿಯದೆ ಗ್ಯಾರೇಜಿಗೆ ಕೊಡಿ. ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ಟ್ಯಾಂಕನ್ನು ಕುಲುಕಿ ತೊಳೆಯಿರಿ. ನೀರು ಹಾಕಿ ತೊಳೆಯಬಾರದು.

2. ಟ್ಯಾಂಕಿನ ಮುಚ್ಚಳ: ಮುಚ್ಚಳದಲ್ಲಿ ಗಾಳಿ ಆಡಲು ಸಣ್ಣ ದಾರಿ ಇರುತ್ತದೆ. ಧೂಳು, ಔಷಧದ ಪುಡಿ ಕೂತು ಅದು ಮುಚ್ಚಿದರೆ ಪೆಟ್ರೋಲ್ ಕೆಳಗೆ ಇಳಿಯೋದಿಲ್ಲ. ಪಂಪು ಐದು-ಹತ್ತು ನಿಮಿಷ ಓಡಿ ನಿಲ್ಲುತ್ತಿದ್ದು, ಮುಚ್ಚಳ ಸಡಿಲ ಮಾಡಿದ ಕೂಡಲೇ ಸರಿ ಹೋದರೆ ಕಾರಣ ಇದೇ.

3. ಕಾಕ್, ಫಿಲ್ಟರ್, ಪೈಪು: ಫಿಲ್ಟರ್ ಜಾಲರಿಯನ್ನು ಪೆಟ್ರೋಲ್‌ನಲ್ಲಿ ಮೆತ್ತಗಿನ ಬ್ರಶ್‌ನಿಂದ ತೊಳೆಯಿರಿ. ಕೆಲವು ಪಂಪುಗಳಲ್ಲಿ ಫಿಲ್ಟರ್ ಟ್ಯಾಂಕಿನ ಒಳಗೆ ಪೈಪಿನ ತುದಿಗೆ ಜೋತುಬಿದ್ದಿರುತ್ತದೆ. ಬಾಗಿಸಿದ ತಂತಿಯಿಂದ ಹೊರಗೆ ಎಳೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಹೊಸದು ಹಾಕಿ. ಕಾಕ್ ಇರುವ ಪಂಪಾದರೆ ಪೈಪಿನ ತುದಿ ಡಬ್ಬಕ್ಕಿಟ್ಟು ಕಾಕ್ ತೆರೆಯಿರಿ: ಪೆಟ್ರೋಲ್ ಧಾರೆಯಾಗಿ ಬರಬೇಕು, ತೊಟ್ಟು ತೊಟ್ಟಾಗಿ ಬಂದರೆ ಕಸ ಇನ್ನೂ ಇದೆ.

4. ಕಾರ್ಬೋರೇಟರ್: ಇದು ಎರಡು ಬಗೆ. ಕೆಳಗೆ ಬಟ್ಟಲು ಇದ್ದರೆ ಅದು ಫ್ಲೋಟ್ ಬಗೆ. ಬಟ್ಟಲು ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಜೋಡಿಸುವಾಗ ಅನುಕೂಲ. ಬಟ್ಟಲಿನ ಅಂಟು ಒರೆಸಿ, ಮಧ್ಯದ ಹಿತ್ತಾಳೆ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ ಸ್ಪಷ್ಟವಾಗಿ ಕಾಣಬೇಕು. ಸೂಜಿ, ಪಿನ್ನು, ಸ್ಟೀಲ್ ತಂತಿ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಪೆಟ್ರೋಲ್‌ನಲ್ಲಿ ಅರ್ಧ ಗಂಟೆ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದರೆ ಸಾಕು. ಗಾಳಿ ಹೊಡೆಸುವ ಮುಂಚೆ ಫ್ಲೋಟ್ ತೆಗೆದಿಡಿ.

ಬಟ್ಟಲಿಲ್ಲದೆ, ಒತ್ತುವ ರಬ್ಬರ್ ಗುಂಡು ಇದ್ದರೆ ಅದು ಡಯಾಫ್ರಾಮ್ ಬಗೆ. ಕಳೆ ಕತ್ತರಿಸುವ ಯಂತ್ರಗಳಲ್ಲಿ ಇದು ಹೆಚ್ಚು. ಗುಂಡು ಒಡೆದಿದ್ದರೆ, ಒಳಗಿನ ತೆಳು ಹಾಳೆ ಬಿರುಸಾಗಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ಇದಕ್ಕೆ ಜೋರು ಗಾಳಿ ಹೊಡೆಸಬೇಡಿ, ಹಾಳೆ ಹರಿಯುತ್ತದೆ.

5. ಏರ್ ಫಿಲ್ಟರ್: ನಮ್ಮ ಎರೆಮಣ್ಣಿನ ಧೂಳಿಗೆ ಇದು ಬೇಗ ಕಟ್ಟುತ್ತದೆ. ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಆಯಿಲ್ ಹಾಕಿ ಹಿಂಡಿ ಕೂರಿಸಿ. ಸ್ಪಂಜು ಇಲ್ಲದೆ ಒಂದು ದಿನವೂ ಓಡಿಸಬೇಡಿ.

ಪೆಟ್ರೋಲ್-ಆಯಿಲ್ ಅಳತೆ

ಮುಚ್ಚಳದ ಮೇಲೆ ಅಥವಾ ಪುಸ್ತಕದಲ್ಲಿ ಬರೆದ ಅಳತೆಯೇ ಅಂತಿಮ. 25:1 ಅಂತಿದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ., 40:1 ಅಂತಿದ್ದರೆ 25 ಮಿ.ಲೀ., 50:1 ಅಂತಿದ್ದರೆ 20 ಮಿ.ಲೀ. ಆಯಿಲ್. ಕಣ್ಣಂದಾಜು ಬೇಡ, ಅಳತೆಯ ಮುಚ್ಚಳ ಬಳಸಿ. ಬೇರೆ ಡಬ್ಬದಲ್ಲಿ ಅರ್ಧ ಪೆಟ್ರೋಲ್, ಆಮೇಲೆ ಆಯಿಲ್ ಹಾಕಿ ಕುಲುಕಿ, ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಿ. ನಂತರ ಜಾಲರಿ ಇರುವ ಆಲಿಕೆಯಿಂದ ಟ್ಯಾಂಕಿಗೆ ಹಾಕಿ. ನೇರವಾಗಿ ಟ್ಯಾಂಕಿಗೆ ಆಯಿಲ್ ಸುರಿದರೆ ಸರಿಯಾಗಿ ಬೆರೆಯೋದಿಲ್ಲ. ವಾರಕ್ಕೆ ಬೇಕಾದಷ್ಟೇ ಕಲಸಿ. ತಿಂಗಳು ದಾಟಿದ್ದನ್ನು ಹಾಕಬೇಡಿ.

ಲಕ್ಷಣ ನೋಡಿ ಕಾರಣ ಹಿಡಿಯಿರಿ

- ಚೋಕ್ ಹಾಕಿದರೆ ಮಾತ್ರ ಓಡುತ್ತದೆ: ಜೆಟ್‌ನಲ್ಲಿ ಕಸ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಹಾಗೇ ಓಡಿಸುತ್ತ ಕೆಲಸ ಮುಗಿಸಲು ಹೋಗಬೇಡಿ.
- ಕಾರ್ಬೋರೇಟರ್‌ನಿಂದ ಪೆಟ್ರೋಲ್ ಸೋರುತ್ತದೆ: ಫ್ಲೋಟ್ ಸೂಜಿಯ ಕೆಳಗೆ ಕಸ ಕೂತಿದೆ, ಇಲ್ಲವೇ ಸೂಜಿ ಸವೆದಿದೆ.
- ಪ್ಲಗ್ ಕಪ್ಪಗೆ, ಒದ್ದೆಯಾಗಿದೆ: ಆಯಿಲ್ ಹೆಚ್ಚು, ಚೋಕ್ ಹೆಚ್ಚು, ಅಥವಾ ಏರ್ ಫಿಲ್ಟರ್ ಕಟ್ಟಿದೆ.
- ಪ್ಲಗ್ ಬೆಳ್ಳಗೆ ಸುಟ್ಟಂತಿದೆ: ಪೆಟ್ರೋಲ್ ಸಾಲುತ್ತಿಲ್ಲ. ತಕ್ಷಣ ನಿಲ್ಲಿಸಿ, ಮೇಲಿನ ಹಂತಗಳನ್ನು ಮಾಡಿ. ಕಂದು ಬಣ್ಣ ಇದ್ದರೆ ಎಲ್ಲ ಸರಿ ಇದೆ ಅಂತ.

ಹಂಗಾಮು ಮುಗಿದ ಮೇಲೆ

ಟ್ಯಾಂಕು ಖಾಲಿ ಮಾಡಿ, ಇಂಜಿನ್ ಚಾಲೂ ಮಾಡಿ ತಾನಾಗಿ ನಿಲ್ಲುವ ತನಕ ಓಡಿಸಿ; ಕಾರ್ಬೋರೇಟರ್ ಒಳಗಿನ ಪೆಟ್ರೋಲ್ ಮುಗಿಯುತ್ತದೆ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ಒಂದು ಚಮಚ 2ಟಿ ಆಯಿಲ್ ಹಾಕಿ, ಹಗ್ಗವನ್ನು ಮೆಲ್ಲಗೆ ಎರಡು-ಮೂರು ಸಲ ಎಳೆದು ಪ್ಲಗ್ ಕೂರಿಸಿ. ಗೊಬ್ಬರದ ಚೀಲದ ಪಕ್ಕ ಇಡದೆ ಒಣ ಜಾಗದಲ್ಲಿ ಮುಚ್ಚಿಡಿ. ಈ ಹತ್ತು ನಿಮಿಷದ ಕೆಲಸ ಮಾಡಿದರೆ ಮುಂದಿನ ವರ್ಷದ ಅರ್ಧ ರಿಪೇರಿ ತಪ್ಪಿತು.

ಇಷ್ಟು ಮಾಡಿದರೂ ಚಾಲೂ ಆಗದಿದ್ದರೆ ಪ್ಲಗ್ಗಿನ ಕಿಡಿ, ಕಂಪ್ರೆಶನ್ ನೋಡಬೇಕಾಗುತ್ತದೆ. ಆಗ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಯಾವ ಹುಳಕ್ಕೆ ಯಾವ ಔಷಧ, ಎಷ್ಟು ಪ್ರಮಾಣ ಅನ್ನೋದನ್ನು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿ. ಪಂಪು ಮಾತ್ರ ಹೂವು ಬಿಡೋಕೆ ಹದಿನೈದು ದಿನ ಮೊದಲೇ ಹೊರಗೆ ತೆಗೆದು ಒಮ್ಮೆ ಓಡಿಸಿ ನೋಡ್ರಿ. ಬಿಡಿಭಾಗ ಬೇಕಾದರೆ ತರಿಸೋಕೂ ಅಷ್ಟು ಸಮಯ ಬೇಕು.